ಮುನಿದ ಚರ್ಮ

ಮನುಷ್ಯನ ಅಂಗಗಳು ಯಾವುವೆಂದು ಕೇಳಿದರೆ ಕಣ್ಣು, ಕಿವಿ, ಹೃದಯ, ಶ್ವಾಸಕೋಶ ಮುಂತಾದ ಹೆಸರುಗಳು ಥಟ್ಟನೆ ನಾಲಗೆಗೆ ಬರುತ್ತವೆ. ಚರ್ಮದ ಹೆಸರನ್ನು ಹೇಳುವವರು ವಿರಳ. ಆದರೆ ಅಂಗಗಳಲ್ಲೆಲ್ಲ ದೊಡ್ಡದು ಚರ್ಮವೇ. ಬೆಳೆದ ವ್ಯಕ್ತಿಯೊಬ್ಬನ ಚರ್ಮದ ವಿಸ್ತಾರ ಸುಮಾರು ೧.೫ರಿಂದ ೨ ಚದರ ಮೀಟರುಗಳಷ್ಟಿರುತ್ತದೆ. ಒಳಗಿನ ನೀರು ಆರಿಹೋಗದಂತೆ ತಡೆಯುವುದು, ಹೊರಗಿನ ರೋಗಾಣುಗಳು ಒಳನುಗ್ಗದಂತೆ ಕಾಯುವುದು, ಬೆವರನ್ನು ಹೊರಚೆಲ್ಲಿ ಮೈಯನ್ನು ತಂಪಾಗಿಡುವುದು, ಶೀತ, ತಾಪ, ನೋವು, ನವೆಗಳನ್ನು ಮಿದುಳಿಗೆ ತಿಳಿಸುವುದು - ಇವೆಲ್ಲವೂ ಚರ್ಮದ ಕೆಲಸಗಳು. ಅದು ತನ್ನ ಕೆಲಸವನ್ನು ಸದ್ದಿಲ್ಲದೆ ಮಾಡಿಕೊಂಡಿರುವವರೆಗೂ ನಮಗೆ ಅದರ ನೆನಪಾಗುವುದಿಲ್ಲ. ಅದು ಮುನಿದಾಗ ಮಾತ್ರ ಹಗಲಿನ ಕೆಲಸವೂ ಸಾಗದು, ಇರುಳಿನ ನಿದ್ರೆಯೂ ಬಾರದು.

ಚರ್ಮದ ಈ ಮುನಿಸಿನ ಅತಿ ಸಾಮಾನ್ಯವಾದ ರೂಪವೇ ಚರ್ಮದ ಉರಿಯೂತ. ವೈದ್ಯರು ಇದನ್ನು ಡರ್ಮಟೈಟಿಸ್ ಎಂದು ಕರೆಯುತ್ತಾರೆ. ಗ್ರೀಕ್ ಭಾಷೆಯಲ್ಲಿ 'ಡರ್ಮ' ಎಂದರೆ ಚರ್ಮ. ಶಬ್ದದ ಕೊನೆಯ ಭಾಗ ಉರಿಯೂತವನ್ನು ಸೂಚಿಸುತ್ತದೆ. ಇದಕ್ಕೇ ಇರುವ ಇನ್ನೊಂದು ಹೆಸರು ಎಕ್ಜಿಮಾ. ಅದೂ ಗ್ರೀಕ್ ಮೂಲದ್ದೇ. ಕುದಿದು ಉಕ್ಕುವುದು ಎಂಬುದು ಅದರ ಅರ್ಥ. ಕನ್ನಡದಲ್ಲಿ ಜನ ಇದನ್ನು ಇಸುಬು ಎನ್ನುತ್ತಾರೆ. ಗ್ರೀಕರು ಇಟ್ಟ ಹೆಸರು ರೋಗದ ಲಕ್ಷಣಕ್ಕೆ ಚೆನ್ನಾಗಿ ಒಪ್ಪುತ್ತದೆ. ಮೊದಲು ಚರ್ಮ ಕೆಂಪಾಗಿ ಊದಿಕೊಂಡು ವಿಪರೀತವಾಗಿ ತುರಿಸುತ್ತದೆ. ಬಳಿಕ ಸಾಸಿವೆಯಷ್ಟು ಸಣ್ಣ ನೀರುಗುಳ್ಳೆಗಳು ಏಳುತ್ತವೆ. ಅವು ಒಡೆದು ರಸ ಸೋರುತ್ತದೆ. ಸೋರಿದ ರಸ ಒಣಗಿ ಹೊಪ್ಪಳೆ ಕಟ್ಟುತ್ತದೆ. ರೋಗ ಹಳೆಯದಾದಂತೆ, ಕೆರೆದೂ ಕೆರೆದೂ ಆ ಭಾಗದ ಚರ್ಮ ಕಪ್ಪಾಗಿ, ದಪ್ಪವಾಗಿ, ಒಣಗಿದ ಕೆರೆಯ ತಳದಂತೆ ಗೆರೆಬಿದ್ದು ಕಾಣುತ್ತದೆ.

ದೇಹದ ಬೇರೆ ಬೇನೆಗಳು ಬಟ್ಟೆಯ ಮರೆಯಲ್ಲಿ ಅಡಗುತ್ತವೆ. ಚರ್ಮದ ಬೇನೆ ಎಲ್ಲರ ಕಣ್ಣಿಗೂ ಬೀಳುತ್ತದೆ. ಅದರಿಂದಾಗಿ ಇದನ್ನು ಕುರಿತು ಮೂಢನಂಬಿಕೆಗಳು ಬಹಳ. ಇದು ಶಾಪದ ಫಲವೆಂದು ಕೆಲವರು, ರಕ್ತ ಕೆಟ್ಟುದರ ಗುರುತೆಂದು ಕೆಲವರು, ಮುಟ್ಟಿದರೆ ಅಂಟುವ ರೋಗವೆಂದು ಮತ್ತೆ ಕೆಲವರು ಭಾವಿಸುತ್ತಾರೆ. ಈ ಭಾವನೆಯಿಂದ ರೋಗಿಯ ಪಕ್ಕದಲ್ಲಿ ಊಟಕ್ಕೆ ಕೂರಲು ಹಿಂಜರಿಯುವವರುಂಟು. ಅವನ ಟವೆಲನ್ನು ಬೆರಳ ತುದಿಯಿಂದ ಎತ್ತಿಡುವವರುಂಟು. ಕೈಯಲ್ಲಿ ಇಸುಬಿರುವ ಬಾಲಕನ ಪಕ್ಕದ ಬೆಂಚು ಖಾಲಿಯಾಗುವುದೂ ಉಂಟು. ಈ ಮೂರು ನಂಬಿಕೆಗಳೂ ಸುಳ್ಳು. ಚರ್ಮದ ಉರಿಯೂತ ಒಬ್ಬರಿಂದ ಇನ್ನೊಬ್ಬರಿಗೆ ಹರಡುವುದಿಲ್ಲ. ಹುಳದಿಂದ ಬರುವ ಕಜ್ಜಿಯೂ ಬೂಷ್ಟಿನಿಂದ ಬರುವ ಹುಳುಕಡ್ಡಿಯೂ ಅಂಟುವಂಥವು ನಿಜ. ಆದರೆ ಅವು ಬೇರೆಯೇ ರೋಗಗಳು, ಮತ್ತು ಅವೂ ಸರಿಯಾದ ಔಷಧಿಯಿಂದ ಗುಣವಾಗುವಂಥವು. ಇಸುಬು ಹೊರಗಿನಿಂದ ಹತ್ತಿದ ರೋಗಾಣುವಿನ ಕೆಲಸವಲ್ಲ; ಅದು ಚರ್ಮ ತಾನೇ ತೋರುವ ಪ್ರತಿಭಟನೆ. ಪ್ರತಿಭಟನೆಗೆ ಕಾರಣವೇನೆಂಬುದನ್ನು ಹುಡುಕುವುದರಲ್ಲಿಯೇ ಅದರ ಚಿಕಿತ್ಸೆಯ ಅರ್ಧಭಾಗವಿದೆ.

ಕಾರಣವನ್ನು ತಿಳಿಯಬೇಕಾದರೆ ಚರ್ಮದ ರಚನೆಯನ್ನು ಸ್ವಲ್ಪ ತಿಳಿದಿರಬೇಕು. ಚರ್ಮದಲ್ಲಿ ಹೊರಚರ್ಮ, ಒಳಚರ್ಮ ಎಂಬ ಎರಡು ಪದರಗಳಿವೆ. ಅವುಗಳ ಕೆಳಗೆ ಕೊಬ್ಬಿನ ಹಾಸು ಇದೆ. ಹೊರಚರ್ಮದ ತಳದಲ್ಲಿ ಹೊಸ ಜೀವಕೋಶಗಳು ಸದಾ ಹುಟ್ಟುತ್ತ, ಮೇಲೆ ಮೇಲೆ ಸರಿಯುತ್ತ, ಕೊನೆಗೆ ಸತ್ತು ಚಪ್ಪಟೆಯಾಗಿ ಉದುರಿಹೋಗುತ್ತವೆ. ಈ ಪ್ರಯಾಣಕ್ಕೆ ಸುಮಾರು ನಾಲ್ಕು ವಾರಗಳು ಬೇಕು. ಮೇಲ್ತುದಿಯ ಸತ್ತ ಕೋಶಗಳೇನೂ ನಿರುಪಯುಕ್ತವಲ್ಲ. ಅವು ಗೋಡೆಯ ಇಟ್ಟಿಗೆಗಳಂತೆ ಜೋಡಿಸಿಕೊಂಡಿರುತ್ತವೆ. ಅವುಗಳ ನಡುವೆ ಕೊಬ್ಬಿನ ಅಂಶಗಳು ಗಾರೆಯಂತೆ ತುಂಬಿರುತ್ತವೆ. ಈ ಗೋಡೆ ಗಟ್ಟಿಯಾಗಿರುವವರೆಗೂ ಒಳಗಿನ ತೇವ ಒಳಗೆ, ಹೊರಗಿನ ಕೊಳೆ ಹೊರಗೆ. ಗಾರೆ ಕಿತ್ತುಬಂದರೆ ಗೋಡೆ ಬಿರಿಯುತ್ತದೆ. ಬಿರುಕಿನಲ್ಲಿ ಶತ್ರು ನುಸುಳುತ್ತಾನೆ.

ಗಾರೆಯನ್ನು ಕೀಳುವ ವಸ್ತುಗಳು ದಿನದಿನದ ಬದುಕಿನಲ್ಲಿಯೇ ಇವೆ. ಬಟ್ಟೆ ಒಗೆಯುವ ಸೋಪು, ಪಾತ್ರೆ ತಿಕ್ಕುವ ಪುಡಿ, ಸುಣ್ಣ, ಸಿಮೆಂಟು, ಸೀಮೆ ಎಣ್ಣೆ ಇವೆಲ್ಲ ಚರ್ಮದ ಜಿಡ್ಡನ್ನು ತೆಗೆದುಹಾಕುತ್ತವೆ. ಒಂದೆರಡು ಸಲ ತಾಗಿದರೆ ಚರ್ಮ ತನ್ನನ್ನು ತಾನೇ ಸರಿಪಡಿಸಿಕೊಳ್ಳುತ್ತದೆ. ದಿನಕ್ಕೆ ಹತ್ತಾರು ಸಲ, ವರ್ಷಗಟ್ಟಲೆ ತಾಗುತ್ತಿದ್ದರೆ ಸರಿಪಡಿಸಿಕೊಳ್ಳಲು ಅದಕ್ಕೆ ಬಿಡುವೇ ಇಲ್ಲ. ಬೆಳಗಿನಿಂದ ರಾತ್ರಿಯವರೆಗೆ ನೀರಿನಲ್ಲಿ ಕೈಯಿಡುವ ಗೃಹಿಣಿಯರ ಬೆರಳುಗಳೂ, ಗಾರೆ ಕೆಲಸದವರ ಅಂಗೈಗಳೂ ಬಿರುಕು ಬಿಟ್ಟು ಉರಿಯುವುದಕ್ಕೆ ಇದೇ ಕಾರಣ. ಇಲ್ಲಿ ಯಾರ ಚರ್ಮವೆಂಬ ಪ್ರಶ್ನೆ ಮುಖ್ಯವಲ್ಲ; ಸಾಕಷ್ಟು ಪ್ರಮಾಣದಲ್ಲಿ, ಸಾಕಷ್ಟು ಕಾಲ ತಾಗಿದರೆ ಯಾರಿಗಾದರೂ ಹೀಗಾಗಬಹುದು. ಇದಕ್ಕೆ ಕೆರಳಿಕೆಯ ಉರಿಯೂತ ಎಂದು ಹೆಸರು.

ಎರಡನೆಯ ಬಗೆ ಇದಕ್ಕಿಂತ ವಿಚಿತ್ರವಾದುದು. ಅದೇ ಅಲರ್ಜಿಯ ಉರಿಯೂತ. ಹತ್ತು ಜನ ಮುಟ್ಟಿದ ವಸ್ತುವನ್ನೇ ಹನ್ನೊಂದನೆಯವನು ಮುಟ್ಟಿದಾಗ ಅವನೊಬ್ಬನ ಚರ್ಮ ಮಾತ್ರ ಕುದಿಯುತ್ತದೆ. ೧೮೬೮ರಲ್ಲಿ, ಬರ್ಲಿನ್ ನಗರದಲ್ಲಿ ವೈದ್ಯಕೀಯ ವಿದ್ಯಾರ್ಥಿಯಾಗಿದ್ದ ಪಾಲ್ ಲಾಂಗರ್‌ಹಾನ್ಸ್ ಎಂಬ ಯುವಕ ಹೊರಚರ್ಮದಲ್ಲಿ ಕೊಂಬೆಗಳನ್ನು ಚಾಚಿಕೊಂಡಂತಿರುವ ಕೆಲವು ಕೋಶಗಳನ್ನು ಕಂಡನು. ಅವು ನರಕೋಶಗಳಿರಬೇಕೆಂದು ಅವನು ಊಹಿಸಿದನು. ಅವು ನಿಜವಾಗಿ ಚರ್ಮದ ಕಾವಲುಗಾರರೆಂಬುದು ಗೊತ್ತಾಗಲು ನೂರು ವರ್ಷಗಳೇ ಬೇಕಾದವು. ಹೊರಗಿನ ಕೆಲವು ರಾಸಾಯನಿಕಗಳು ಚರ್ಮದೊಳಕ್ಕೆ ಇಳಿದಾಗ ಈ ಕಾವಲು ಕೋಶಗಳು ಅವುಗಳ ಸುಳಿವನ್ನು ಹೊತ್ತುಕೊಂಡು ಸಮೀಪದ ಹಾಲುರಸ ಗ್ರಂಥಿಗಳಿಗೆ ಹೋಗುತ್ತವೆ. ಅಲ್ಲಿರುವ ಒಂದು ಜಾತಿಯ ಬಿಳಿಯ ರಕ್ತಕಣಗಳು ಆ ವಸ್ತುವನ್ನು ಶತ್ರುವೆಂದು ನೆನಪಿನಲ್ಲಿಟ್ಟುಕೊಳ್ಳುತ್ತವೆ. ಈ ಮೊದಲ ಭೇಟಿಯಲ್ಲಿ ರೋಗದ ಸುಳಿವೇ ಕಾಣುವುದಿಲ್ಲ. ಮುಂದೊಮ್ಮೆ ಅದೇ ವಸ್ತು ಅತ್ಯಲ್ಪ ಪ್ರಮಾಣದಲ್ಲಿ ತಾಗಿದರೂ ಈ ಕಣಗಳು ದಂಡೆತ್ತಿ ಬರುತ್ತವೆ. ಒಂದೆರಡು ದಿನಗಳಲ್ಲಿ ಚರ್ಮ ಕೆಂಪಾಗಿ ಊದುತ್ತದೆ. ಬಂದ ವಸ್ತುವಿನಿಂದ ದೇಹಕ್ಕೆ ಆಗಬಹುದಾಗಿದ್ದ ಅಪಾಯ ಅಷ್ಟಿಷ್ಟು. ದೇಹ ಮಾಡಿಕೊಂಡ ರಂಪ ಬೆಟ್ಟದಷ್ಟು. ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ ಎಂಬ ಮಾತು ಇದಕ್ಕೆ ಸಲ್ಲುತ್ತದೆ.

ಇಪ್ಪತ್ತು ವರ್ಷ ಒಂದು ವಸ್ತುವನ್ನು ನಿಶ್ಚಿಂತೆಯಿಂದ ಬಳಸಿದವನಿಗೂ ಇಪ್ಪತ್ತೊಂದನೆಯ ವರ್ಷ ಅದು ಒಗ್ಗದೆ ಹೋಗಬಹುದು. "ಇದು ಹೊಸದೇನಲ್ಲವಲ್ಲ" ಎಂದು ರೋಗಿ ಅದನ್ನು ಶಂಕಿಸುವುದೇ ಇಲ್ಲ. ಅಗ್ಗದ ಓಲೆ, ಬಳೆ, ಗುಂಡಿಗಳಲ್ಲಿರುವ ನಿಕ್ಕಲ್ ಲೋಹ, ಹಣೆಗೆ ಅಂಟಿಸುವ ಬೊಟ್ಟಿನ ಗೋಂದು, ಚಪ್ಪಲಿಯ ರಬ್ಬರಿನಲ್ಲಿ ಬೆರೆತ ರಾಸಾಯನಿಕಗಳು, ತಲೆಗೂದಲಿಗೆ ಹಚ್ಚುವ ಕಪ್ಪು ಬಣ್ಣ - ಇವು ಇಂಥ ಗುಪ್ತ ಕಾರಣಗಳು. ಸಸ್ಯಗಳಲ್ಲಿಯೂ ಇಂಥವುಂಟು. ಮಾವಿನಕಾಯಿಯ ಸೊನೆ ತಾಗಿ ತುಟಿಯ ಸುತ್ತ ಸುಟ್ಟಂತಾಗುವುದನ್ನು ಹಳ್ಳಿಯ ಮಕ್ಕಳೆಲ್ಲ ಬಲ್ಲರು. ಮಾವಿನ ಕುಲಕ್ಕೇ ಸೇರಿದ ಗೇರುಬೀಜದ ಸಿಪ್ಪೆಯ ಎಣ್ಣೆ ಇನ್ನೂ ತೀಕ್ಷ್ಣ. ಕರಾವಳಿಯ ಕಾರ್ಖಾನೆಗಳಲ್ಲಿ ಬೀಜ ಬಿಡಿಸುವ ಹೆಂಗಸರ ಕೈಗಳನ್ನು ಅದು ಸುಡುತ್ತದೆ. ಅದೇ ಕುಲದ ಕರಿಗೇರಿನ ರಸದಿಂದ ಮಡಿವಾಳರು ಹಿಂದೆ ಬಟ್ಟೆಗಳಿಗೆ ಗುರುತು ಹಾಕುತ್ತಿದ್ದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಭಾರತದಲ್ಲಿದ್ದ ವಿದೇಶೀ ಸೈನಿಕರ ಮೈಮೇಲೆ, ಅಂಗಿಯ ಗುರುತು ತಾಗುವ ಜಾಗದಲ್ಲಿ ಸರಿಯಾಗಿ ಗುಳ್ಳೆಗಳೆದ್ದವು. ಕಾರಣ ತಿಳಿಯುವವರೆಗೆ ಅದೊಂದು ಒಗಟಾಗಿತ್ತು. ತಿಳಿದ ಮೇಲೆ ಪರಿಹಾರ ಸುಲಭವಾಯಿತು.

ಆದರೆ ಎಲ್ಲ ಕಾರಣಗಳೂ ಅಂಗಿಯ ಗುರುತಿನಂತೆ ಸುಲಭವಾಗಿ ತೊಲಗುವಂಥವಲ್ಲ. ಇದಕ್ಕೆ ಪಾರ್ಥೇನಿಯಂ ಕಳೆಯೇ ಸಾಕ್ಷಿ. ಇದರ ತೌರು ಅಮೆರಿಕ ಖಂಡದ ಉಷ್ಣಪ್ರದೇಶ. ಭಾರತದಲ್ಲಿ ಇದು ೧೯೫೫ರಲ್ಲಿ ಪುಣೆಯಲ್ಲಿ ಸಸ್ಯಶಾಸ್ತ್ರಜ್ಞರ ಗಮನಕ್ಕೆ ಬಂದಿತು. ಆಮದಾದ ಗೋದಿಯೊಡನೆ ಇದರ ಬೀಜ ಬಂದಿರಬೇಕೆಂದು ಬಹುಮಂದಿ ನಂಬುತ್ತಾರೆ. ಮುಂದಿನ ಎರಡು ದಶಕಗಳಲ್ಲಿ ಇದು ದೇಶದ ಅನೇಕ ಭಾಗಗಳಿಗೆ ಹಬ್ಬಿತು. ಬೆಂಗಳೂರಿನ ಖಾಲಿ ನಿವೇಶನಗಳಲ್ಲಿ, ರೈಲುಹಳಿಗಳ ಬದಿಯಲ್ಲಿ, ಬೀಳುಬಿದ್ದ ಹೊಲಗಳಲ್ಲಿ ಎಲ್ಲೆಲ್ಲಿಯೂ ಇದರ ಪುಟ್ಟ ಬಿಳಿಯ ಹೂಗಳೇ ಕಾಣತೊಡಗಿದವು. ಕನ್ನಡ ನಾಡಿನ ಜನ ಇದಕ್ಕೆ ಕಾಂಗ್ರೆಸ್ ಗಿಡವೆಂಬ ಹೆಸರನ್ನೂ ಕೊಟ್ಟರು. ಚೆನ್ನಾಗಿ ಬೆಳೆದ ಒಂದು ಗಿಡ ೧೫,೦೦೦ಕ್ಕೂ ಹೆಚ್ಚು ಬೀಜಗಳನ್ನು ಉದುರಿಸಬಲ್ಲದು. ಕರ್ನಾಟಕ ಸರ್ಕಾರ ೧೯೭೫ರಲ್ಲಿ ಇದನ್ನು ಹಾನಿಕಾರಕ ಕಳೆಯೆಂದು ಕಾನೂನಿನ ಪ್ರಕಾರ ಘೋಷಿಸಿತು.

ಈ ಗಿಡದಲ್ಲಿ ಪಾರ್ಥೇನಿನ್ ಎಂಬ ರಾಸಾಯನಿಕವಿದೆ. ಗಿಡವನ್ನು ಮುಟ್ಟಿದರೆ ಮಾತ್ರವಲ್ಲ, ಅದರ ಒಣಗಿದ ಪುಡಿ ಗಾಳಿಯಲ್ಲಿ ತೇಲಿಬಂದು ಮೈಮೇಲೆ ಕುಳಿತರೂ, ಒಗ್ಗದವರ ಚರ್ಮ ಕೆರಳುತ್ತದೆ. ಮುಖ, ಕಣ್ಣಿನ ರೆಪ್ಪೆ, ಕತ್ತು, ಮೊಣಕೈಯ ಮಡಿಕೆ ಹೀಗೆ ಬಟ್ಟೆ ಮುಚ್ಚದ ಭಾಗಗಳಿಗೆ ಇದರ ಕಾಟ ಹೆಚ್ಚು. ಬಿಸಿಲಿನಿಂದ ಆಗುವ ಉರಿಯೂತವೂ ಇಂಥ ಭಾಗಗಳಲ್ಲಿಯೇ ಕಾಣುವುದರಿಂದ ವೈದ್ಯರು ಸೂಕ್ಷ್ಮವಾಗಿ ನೋಡುತ್ತಾರೆ. ಕಿವಿಯ ಹಿಂಭಾಗಕ್ಕೂ ಗಲ್ಲದ ಕೆಳಗೂ ಬಿಸಿಲು ಅಷ್ಟಾಗಿ ಬೀಳುವುದಿಲ್ಲ. ಧೂಳಾದರೋ ಅಲ್ಲಿಗೂ ಹೋಗುತ್ತದೆ. ಅಲ್ಲಿಯೂ ರೋಗವಿದ್ದರೆ ಅಪರಾಧಿ ಗಾಳಿಯಲ್ಲಿ ಬಂದವನೆಂದು ಊಹಿಸಬಹುದು. ಸೇವಂತಿಗೆ ಪಾರ್ಥೇನಿಯಂನ ಕುಟುಂಬಕ್ಕೇ ಸೇರಿದ್ದು. ಆದುದರಿಂದ ಪಾರ್ಥೇನಿಯಂ ಒಗ್ಗದವರಲ್ಲಿ ಕೆಲವರಿಗೆ ಹಬ್ಬದ ಸೇವಂತಿಗೆ ಹೂವೂ ಒಗ್ಗುವುದಿಲ್ಲ. ಈ ರೋಗ ರೈತನಿಗೆ ಬಂದರೆ ಅವನ ಸ್ಥಿತಿ ಅತ್ಯಂತ ಕಷ್ಟಕರ. ಒಗ್ಗದ ಓಲೆಯನ್ನು ತೆಗೆದಿಡಬಹುದು. ಹೊಲವನ್ನು ತೆಗೆದಿಡುವುದು ಹೇಗೆ? ಉಣ್ಣುವ ಅನ್ನವೂ ಉರಿಯುವ ಚರ್ಮವೂ ಒಂದೇ ಮಣ್ಣಿನಿಂದ ಬರುವ ದುಸ್ಥಿತಿ ಅವನದು.

ಕೆಲವು ಉರಿಯೂತಗಳ ಬೇರು ದೇಹದ ಒಳಗೇ ಇರುತ್ತದೆ. ಎಳೆಯ ಮಕ್ಕಳ ಕೆನ್ನೆಯ ಮೇಲೆ, ಸ್ವಲ್ಪ ಬೆಳೆದ ಮೇಲೆ ಮೊಣಕೈ ಮತ್ತು ಮಂಡಿಯ ಮಡಿಕೆಗಳಲ್ಲಿ ಕಾಣುವ ಇಸುಬು ಬಹುಮಟ್ಟಿಗೆ ವಂಶದಿಂದ ಬಂದದ್ದು. ಅಂಥ ಮನೆತನಗಳಲ್ಲಿ ಉಬ್ಬಸ, ಪದೇಪದೇ ಬರುವ ಸೀನು ಮೊದಲಾದ ತೊಂದರೆಗಳೂ ಇರುವುದುಂಟು. ಚರ್ಮದ ಗೋಡೆಯನ್ನು ಬಿಗಿಗೊಳಿಸುವ ಫಿಲಾಗ್ರಿನ್ ಎಂಬ ಪ್ರೋಟೀನಿನ ಜೀನ್ ದೋಷ ಇಂಥ ಅನೇಕರಲ್ಲಿ ಇದೆಯೆಂದು ೨೦೦೬ರಲ್ಲಿ ವಿಜ್ಞಾನಿಗಳು ತೋರಿಸಿದರು. ಹುಟ್ಟಿನಿಂದಲೇ ಗಾರೆ ಸಡಿಲವಾದ ಗೋಡೆ ಅವರದು. ತಲೆಹೊಟ್ಟಿನೊಡನೆ ಬರುವ ಉರಿಯೂತ, ಕಾಲಿನ ರಕ್ತನಾಳಗಳು ಉಬ್ಬಿದವರಲ್ಲಿ ಹರಡಿನ ಬಳಿ ಬರುವ ಉರಿಯೂತ ಮೊದಲಾದ ಬೇರೆ ಬಗೆಗಳೂ ಉಂಟು.

ಹೀಗೆ ಕಾರಣಗಳು ಹಲವು. ಲಕ್ಷಣಗಳು ಮಾತ್ರ ಹೆಚ್ಚುಕಡಿಮೆ ಒಂದೇ. ಆದುದರಿಂದ ಒಳ್ಳೆಯ ಚರ್ಮವೈದ್ಯನು ಮದ್ದು ಬರೆಯುವ ಮೊದಲು ಪತ್ತೇದಾರನಂತೆ ಪ್ರಶ್ನೆ ಕೇಳುತ್ತಾನೆ. ನಿನ್ನ ಕೆಲಸವೇನು? ರಜೆಯ ದಿನಗಳಲ್ಲಿ ತುರಿಕೆ ಕಡಿಮೆಯಾಗುವುದೆ? ಹೊಸ ಸೋಪು ತಂದೆಯಾ? ಇದಕ್ಕೆ ಮೊದಲು ಏನು ಹಚ್ಚಿದೆ? ರೋಗವಿರುವ ಜಾಗವೂ ಉತ್ತರ ಹೇಳುತ್ತದೆ: ಕಿವಿಯ ಹಾಲೆಯಾದರೆ ಓಲೆ, ಹಣೆಯ ನಡುವಾದರೆ ಬೊಟ್ಟು, ಪಾದದ ಮೇಲ್ಭಾಗವಾದರೆ ಚಪ್ಪಲಿಯ ಪಟ್ಟಿ. ಇಷ್ಟರಿಂದಲೂ ತಿಳಿಯದಿದ್ದರೆ ಒಂದು ಪರೀಕ್ಷೆಯುಂಟು. ೧೮೯೫ರಲ್ಲಿ ಯೋಸೆಫ್ ಯಾಡಸೋನ್ ಎಂಬ ಜರ್ಮನ್ ವೈದ್ಯನು ಅದನ್ನು ಮೊದಲು ವಿವರಿಸಿದನು. ಶಂಕೆಯಿರುವ ವಸ್ತುಗಳನ್ನು ಅತಿ ಸ್ವಲ್ಪ ಪ್ರಮಾಣದಲ್ಲಿ ತೆಗೆದುಕೊಂಡು ರೋಗಿಯ ಬೆನ್ನಿನ ಮೇಲೆ ಪಟ್ಟಿಯಿಂದ ಅಂಟಿಸುತ್ತಾರೆ. ೪೮ ಗಂಟೆಗಳ ನಂತರ ಪಟ್ಟಿಯನ್ನು ತೆಗೆದು ನೋಡುತ್ತಾರೆ. ಒಂದೆರಡು ದಿನ ಬಿಟ್ಟು ಮತ್ತೆ ನೋಡುತ್ತಾರೆ. ಯಾವ ವಸ್ತುವಿನ ಕೆಳಗೆ ಚರ್ಮ ಕೆಂಪಾಗಿ ಊದಿದೆಯೋ ಅದೇ ಅಪರಾಧಿ. ನೂರಕ್ಕೂ ಹೆಚ್ಚು ವರ್ಷಗಳು ಕಳೆದರೂ ಈ ಪರೀಕ್ಷೆ ಇಂದಿಗೂ ಬಳಕೆಯಲ್ಲಿದೆ.

ಚಿಕಿತ್ಸೆಯ ಮೊದಲ ಹೆಜ್ಜೆ ಕಾರಣವನ್ನು ದೂರಮಾಡುವುದು. ಅದನ್ನು ಉಳಿಸಿಕೊಂಡು ಮುಲಾಮು ಹಚ್ಚುವುದು ಮಾಡು ಸೋರುತ್ತಿರುವಾಗ ನೆಲ ಒರಸಿದಂತೆ. ಕೈಗವಸು, ಪೂರ್ಣ ತೋಳಿನ ಅಂಗಿ, ಕೆಲಸ ಮುಗಿದೊಡನೆ ಕೈ ತೊಳೆಯುವುದು ಇವು ಅಗ್ಗದ ಮದ್ದುಗಳು. ಕೆಲವೊಮ್ಮೆ ಸಮಾಜವೇ ಕಾರಣವನ್ನು ದೂರಮಾಡಬಲ್ಲದು. ಸಿಮೆಂಟಿನಲ್ಲಿರುವ ಕ್ರೋಮಿಯಂ ಲವಣ ಕಟ್ಟಡದ ಕೆಲಸಗಾರರಿಗೆ ಅಲರ್ಜಿಯನ್ನು ಉಂಟುಮಾಡುತ್ತದೆ. ಡೆನ್ಮಾರ್ಕ್ ದೇಶದಲ್ಲಿ ೧೯೮೧ರಿಂದ ಸಿಮೆಂಟಿಗೆ ಸ್ವಲ್ಪ ಫೆರಸ್ ಸಲ್ಫೇಟನ್ನು ಬೆರೆಸತೊಡಗಿದರು. ಅದು ಆ ಲವಣವನ್ನು ನೀರಿನಲ್ಲಿ ಕರಗದಂತೆ ಮಾಡುತ್ತದೆ. ಅಲ್ಲಿನ ಕೆಲಸಗಾರರಲ್ಲಿ ಈ ಅಲರ್ಜಿ ಗಣನೀಯವಾಗಿ ಇಳಿಯಿತು.

ಎರಡನೆಯ ಹೆಜ್ಜೆ ಕೆರಳಿದ ಚರ್ಮವನ್ನು ಸಂತೈಸುವುದು. ರಸ ಸೋರುತ್ತಿರುವಾಗ ತಣ್ಣನೆಯ ಶುದ್ಧ ನೀರಿನಲ್ಲಿ ಅದ್ದಿದ ಬಟ್ಟೆಯ ಪಟ್ಟಿ ಹಿತಕರ. ವೈದ್ಯರು ಹೇಳಿದರೆ ಪೊಟ್ಯಾಸಿಯಂ ಪರ್ಮಾಂಗನೇಟನ್ನು ತಿಳಿಗುಲಾಬಿ ಬಣ್ಣ ಬರುವಷ್ಟು ಮಾತ್ರ ಕರಗಿಸಿ ಬಳಸಬಹುದು. ಚರ್ಮ ಒಣಗಿ ಬಿರಿದಿದ್ದರೆ ಜಿಡ್ಡು ಬೇಕು. ಸ್ನಾನವಾದ ಕೂಡಲೇ, ಮೈಯ ತೇವ ಆರುವ ಮುನ್ನ ಕೊಬ್ಬರಿ ಎಣ್ಣೆಯನ್ನೋ ಪೆಟ್ರೋಲಿಯಂ ಜೆಲ್ಲಿಯನ್ನೋ ಸವರಿದರೆ ತೇವ ಒಳಗೇ ಉಳಿಯುತ್ತದೆ. ಸುಡುವ ನೀರಿನ ಸ್ನಾನವೂ ಒರಟು ಸೋಪೂ ಸಲ್ಲವು. ತುರಿಕೆ ಬಂದಾಗ ಕೆರೆಯದಿರುವುದು ಕಷ್ಟವೇ. ಆದರೆ ಕೆರೆದಷ್ಟೂ ತುರಿಕೆ, ತುರಿಸಿದಷ್ಟೂ ಕೆರೆತ ಎಂಬ ಚಕ್ರವನ್ನು ಕಡಿಯಲೇಬೇಕು. ಉಗುರನ್ನು ಗಿಡ್ಡವಾಗಿ ಕತ್ತರಿಸಿಕೊಂಡರೆ ಗಾಯವೂ ಕೀವೂ ತಪ್ಪುತ್ತವೆ.

ಮೂರನೆಯದು ಔಷಧಿ. ಮೂತ್ರಪಿಂಡಗಳ ಮೇಲೆ ಟೋಪಿಯಂತೆ ಕುಳಿತಿರುವ ಅಡ್ರಿನಲ್ ಗ್ರಂಥಿಗಳ ರಸಗಳನ್ನು ಕುರಿತ ಸಂಶೋಧನೆಗಾಗಿ ಕೆಂಡಾಲ್, ಹೆಂಚ್ ಮತ್ತು ರೈಖ್‌ಸ್ಟೈನ್ ಎಂಬ ಮೂವರಿಗೆ ೧೯೫೦ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಈ ಗುಂಪಿನ ಹೈಡ್ರೋಕಾರ್ಟಿಸೋನ್ ಎಂಬ ಸ್ಟೀರಾಯ್ಡನ್ನು ಚರ್ಮಕ್ಕೆ ಲೇಪಿಸಿದರೆ ಉರಿಯೂತ ತಗ್ಗುವುದೆಂದು ೧೯೫೨ರಲ್ಲಿ ಅಮೆರಿಕದ ಸಲ್ಜ್‌ಬರ್ಗರ್ ಮತ್ತು ವಿಟನ್ ಎಂಬ ವೈದ್ಯರು ತಿಳಿಸಿದರು. ಚರ್ಮರೋಗಗಳ ಚಿಕಿತ್ಸೆಯಲ್ಲಿ ಅದೊಂದು ಹೊಸ ಯುಗ. ತಿಂಗಳುಗಟ್ಟಲೆ ನರಳುತ್ತಿದ್ದವರು ಕೆಲವೇ ದಿನಗಳಲ್ಲಿ ನೆಮ್ಮದಿಯ ನಿದ್ರೆ ಮಾಡಿದರು.

ಆದರೆ ಹರಿತವಾದ ಕತ್ತಿಗೆ ಎರಡು ಅಲಗು. ಸ್ಟೀರಾಯ್ಡ್ ಲೇಪ ಕಾರಣವನ್ನು ಕಿತ್ತೊಗೆಯುವುದಿಲ್ಲ. ಚರ್ಮದ ಕೋಪವನ್ನು ತಣಿಸುತ್ತದೆ, ಅಷ್ಟೆ. ಎಷ್ಟು ಬಲದ್ದು, ಯಾವ ಭಾಗಕ್ಕೆ, ಎಷ್ಟು ದಿನ ಎಂಬುದನ್ನು ವೈದ್ಯರೇ ನಿರ್ಧರಿಸಬೇಕು. ಬಲವಾದ ಲೇಪವನ್ನು ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗಿ, ನರಗಳು ಎದ್ದುಕಂಡು, ಮುಖದ ತುಂಬ ಮೊಡವೆಗಳೇಳುತ್ತವೆ. ಹುಳುಕಡ್ಡಿಯನ್ನು ಇಸುಬೆಂದು ತಪ್ಪಾಗಿ ಭಾವಿಸಿ ಹಚ್ಚಿದರೆ ತುರಿಕೆ ಇಳಿದಂತೆ ತೋರಿ, ಬೂಷ್ಟು ಒಳಗೊಳಗೇ ಹಬ್ಬುತ್ತದೆ. ಬಣ್ಣ ಬಿಳಿದಾಗಲೆಂದು ಇಂಥ ಲೇಪಗಳನ್ನು ಮುಖಕ್ಕೆ ಹಚ್ಚಿ ಮುಖ ಕೆಡಿಸಿಕೊಂಡ ತರುಣ ತರುಣಿಯರು ಅನೇಕರು. ಈ ಅನಾಹುತವನ್ನು ಕಂಡೇ ಕೇಂದ್ರ ಸರ್ಕಾರ ೨೦೧೮ರಲ್ಲಿ ಹಲವು ಸ್ಟೀರಾಯ್ಡ್ ಲೇಪಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಕೂಡದ ಔಷಧಿಗಳ ಪಟ್ಟಿಗೆ ಸೇರಿಸಿತು. ಹಾಗೆಯೇ ಬೆಳ್ಳುಳ್ಳಿ ಅರೆದು ಕಟ್ಟುವುದು, ನಿಂಬೆರಸ ಹಿಂಡುವುದು, ಬೂದಿ ಮೆತ್ತುವುದು ಮುಂತಾದ ಮನೆಮದ್ದುಗಳು ಸುಟ್ಟ ಗಾಯದ ಮೇಲೆ ಬರೆ ಎಳೆದಂತೆ. ರೋಗ ಮೈತುಂಬ ಹಬ್ಬಿ ಲೇಪಕ್ಕೆ ಬಗ್ಗದಿದ್ದರೆ ಅಜಾಥಯೊಪ್ರಿನ್‌ನಂಥ ಗುಳಿಗೆಗಳುಂಟು. ಪಾರ್ಥೇನಿಯಂ ರೋಗಿಗಳಿಗೆ ಅವು ಉಪಕಾರ ಮಾಡಿವೆ. ಆದರೆ ಅವು ದೇಹದ ರಕ್ಷಣಾ ಶಕ್ತಿಯನ್ನೇ ತಗ್ಗಿಸುವುದರಿಂದ ಆಗಾಗ ರಕ್ತಪರೀಕ್ಷೆ ಮಾಡಿಸಿಕೊಳ್ಳುತ್ತ, ವೈದ್ಯರ ಕಣ್ಗಾವಲಿನಲ್ಲಿಯೇ ಸೇವಿಸಬೇಕು.

ಪಾರ್ಥೇನಿಯಂ ವಿಷಯದಲ್ಲಿ ಮದ್ದು ಆಸ್ಪತ್ರೆಯಲ್ಲಿರುವಷ್ಟೇ ಊರಿನ ಬೀದಿಯಲ್ಲಿಯೂ ಇದೆ. ಇದರ ಎಲೆಯನ್ನೇ ತಿಂದು ಬದುಕುವ ಒಂದು ಪುಟ್ಟ ಜೀರುಂಡೆಯನ್ನು ವಿಜ್ಞಾನಿಗಳು ೧೯೮೩ರಲ್ಲಿ ಮೆಕ್ಸಿಕೋ ದೇಶದಿಂದ ಬೆಂಗಳೂರಿಗೆ ತಂದು, ಪರೀಕ್ಷಿಸಿ, ೧೯೮೪ರಲ್ಲಿ ಹೊರಗೆ ಬಿಟ್ಟರು. ಮಳೆಗಾಲದಲ್ಲಿ ಅದು ಗಿಡಗಳನ್ನು ಬೋಳುಮಾಡುತ್ತದೆ. ಮಳೆ ನಿಂತ ಮೇಲೆ ಮಣ್ಣಿನೊಳಗೆ ಅಡಗುತ್ತದೆ. ಕಳೆ ಕಡಿಮೆಯಾದರೂ ನಿರ್ಮೂಲವಾಗಿಲ್ಲ. ಆದುದರಿಂದ ಕೈಯಿಂದ ಕೀಳುವ ಕೆಲಸ ಉಳಿದೇ ಇದೆ. ಶಾಲೆಯ ಶ್ರಮದಾನದಲ್ಲಿ ಈ ಗಿಡವನ್ನು ಕೀಳುವ ವಿದ್ಯಾರ್ಥಿಗಳು ಹೂ ಬಿಡುವ ಮೊದಲೇ, ನೆಲ ಹಸಿಯಾಗಿರುವಾಗ ಬೇರುಸಹಿತ ಕೀಳಬೇಕು. ಕೈಗವಸು, ತುಂಬುತೋಳಿನ ಅಂಗಿ ತೊಟ್ಟಿರಬೇಕು. ಮೂಗು ಬಾಯಿಗಳಿಗೆ ಬಟ್ಟೆ ಕಟ್ಟಿರಬೇಕು. ಇಸುಬು ಅಥವಾ ಉಬ್ಬಸ ಇರುವವರನ್ನು ಈ ಕೆಲಸಕ್ಕೆ ಹಚ್ಚಕೂಡದು.

ಇಸುಬಿನ ಕೆಲವು ಬಗೆಗಳು ಪೂರ್ಣವಾಗಿ ಗುಣವಾಗುತ್ತವೆ. ಕೆಲವು ಬಂದು ಹೋಗುತ್ತಿರುತ್ತವೆ. ಅಂಥವರು ಸಕ್ಕರೆ ರೋಗದವರಂತೆ ತಮ್ಮ ರೋಗವನ್ನು ಅರಿತು, ಅದರೊಡನೆ ಹೊಂದಿಕೊಂಡು ಬಾಳಬಲ್ಲರು. ಅವರಿಗೆ ಬೇಕಾದುದು ಮೂರು: ಕಾರಣದ ಅರಿವು, ತಕ್ಕ ಔಷಧಿ, ಸುತ್ತಲಿನವರ ವಿಶ್ವಾಸ. ಮೊದಲನೆಯದನ್ನು ವಿಜ್ಞಾನವೂ ಎರಡನೆಯದನ್ನು ವೈದ್ಯರೂ ಕೊಡುತ್ತಾರೆ. ಮೂರನೆಯದನ್ನು ಕೊಡಬೇಕಾದವರು ನೆರೆಹೊರೆಯವರು, ಸಹಪಾಠಿಗಳು. ಇಸುಬಿನ ಕೈಯನ್ನು ಹಿಡಿದರೆ ಹಿಡಿದವನಿಗೆ ರೋಗ ಅಂಟುವುದಿಲ್ಲ. ಹಿಡಿಯದೆ ಹಿಂದೆ ಸರಿದರೆ ರೋಗಿಯ ಮನಸ್ಸಿಗೆ ಆಗುವ ಗಾಯಕ್ಕೆ ಯಾವ ಲೇಪವೂ ಇಲ್ಲ.